ಆಲಮಟ್ಟಿಯ ಸೇಬಿನ ಕೇಕು

ಭೂಪಟದಲ್ಲಿ ಹೆಸರುಗಳ ಚೇಷ್ಟೆಗೆ ಕೊನೆಯೆಂಬುದಿಲ್ಲ. ಕೃಷ್ಣಾ ನದಿಯ ದಂಡೆಯ ಮೇಲೆ ಆಲಮಟ್ಟಿಯೆಂಬ ಊರೊಂದಿದೆ. ಹಿಮಾಲಯವನ್ನು ದಾಟಿ, ಇನ್ನೂ ಅದೆಷ್ಟೋ ಹಿಮಪರ್ವತಗಳನ್ನು ಹಿಂದೆ ಹಾಕಿ ಉತ್ತರಕ್ಕೆ ಸಾಗಿದರೆ, ಕಜಾಕಸ್ತಾನದಲ್ಲಿ ಅಲ್ಮಾಟಿಯೆಂಬ ನಗರವೊಂದಿದೆ. ಬರೆಯುವಾಗ ಒಂದು ದೀರ್ಘ ಅತ್ತ ಜಾರಿ, ಒಂದು ಒತ್ತಕ್ಷರ ಇತ್ತ ಕಳಚಿಕೊಂಡರೆ ಒಂದು ಊರು ಇನ್ನೊಂದಾಗಿಬಿಡುತ್ತದೆ. ಆಲಮಟ್ಟಿಯ ಗೃಹಸ್ಥರೊಬ್ಬರು ಮಗಳ ವಿದ್ಯಾಭ್ಯಾಸದ ಹಣ ಕಳುಹಿಸಲು ಅರ್ಜಿ ತುಂಬಿಕೊಟ್ಟಾಗ, ಗುಮಾಸ್ತರು ಕನ್ನಡಕವನ್ನು ಒರೆಸಿಕೊಂಡು, "ಏನ್ರೀ, ಕಳಿಸೂ ಊರೂ ಇದೇ, ಮುಟ್ಟೂ ಊರೂ ಇದೇ, ಮತ್ತ ಬ್ಯಾಂಕ್ ಯಾಕ, ಕೈಲೇ ಕೊಟ್ಟು ಬರ್ರಿ" ಎಂದು ನಕ್ಕರಂತೆ.

ಕಿವಿಗೆ ಮಾತ್ರ ಈ ಸಾಮ್ಯ, ಅರ್ಥಕ್ಕೆ ಅಲ್ಲ. ಆಲಮಟ್ಟಿಯ ಹೆಸರು ಕೇಳಿದೊಡನೆ ಕನ್ನಡಿಗನ ಕಣ್ಣೆದುರು ಆಲದ ಮರವೊಂದು ನಿಲ್ಲುತ್ತದೆ. ಅಲ್ಮಾಟಿಯ ಹೆಸರಿನಲ್ಲಿರುವುದು ಸೇಬಿನ ಮರ. ಕಜಾಕ್ ಭಾಷೆಯಲ್ಲಿ 'ಅಲ್ಮಾ' ಎಂದರೆ ಸೇಬು. ಸೋವಿಯತ್ ಕಾಲದಲ್ಲಿ ಆ ನಗರಕ್ಕಿದ್ದ 'ಅಲ್ಮಾ-ಅತಾ' ಎಂಬ ಹೆಸರನ್ನು ಜನ 'ಸೇಬಿನ ತಂದೆ' ಎಂದೇ ಅರ್ಥೈಸುತ್ತಿದ್ದರು. ಅದು ಬರಿಯ ಊರಭಿಮಾನವಲ್ಲ. 1929ರಲ್ಲಿ ರಷ್ಯದ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವ್ ಆ ಪ್ರದೇಶಕ್ಕೆ ಹೋದಾಗ, ಬೆಟ್ಟದ ಇಳಿಜಾರುಗಳಲ್ಲಿ ಕಾಡುಸೇಬಿನ ವನಗಳನ್ನು ಕಂಡು, ಸೇಬಿನ ತವರು ಇದೇ ಎಂದು ಬಗೆದರು. ಮುಂದೆ ತಳಿವಿಜ್ಞಾನದ ಪರೀಕ್ಷೆಗಳೂ ಆ ಮಾತನ್ನು ಎತ್ತಿಹಿಡಿದವು. ಇಂದು ಜಗತ್ತಿನ ಯಾವ ಅಂಗಡಿಯಲ್ಲಿ ಸೇಬು ಕೊಂಡರೂ, ಅದರ ಮೂಲವಂಶ ಆ ಬೆಟ್ಟಗಳ ಕಡೆಗೇ ಕೈ ತೋರಿಸುತ್ತದೆ.

ಆಲಮಟ್ಟಿಗೆ ಸೇಬಿನ ನಂಟು ಅಷ್ಟಾಗಿ ಇಲ್ಲ. ಸುತ್ತಲಿನದು ಜೋಳ, ಸೂರ್ಯಕಾಂತಿ, ಕಬ್ಬುಗಳ ಸೀಮೆ. ಹಣ್ಣೆಂದರೆ ವಿಜಯಪುರದ ದ್ರಾಕ್ಷಿ, ದಾಳಿಂಬೆ. ಹುಳಿಯೆಂದರೆ ಇಂಡಿಯ ನಿಂಬೆ. ಸೇಬು ಕಾಶ್ಮೀರದಿಂದಲೋ ಹಿಮಾಚಲದಿಂದಲೋ ಲಾರಿಯೇರಿ ಬರಬೇಕು. ಬಿಸಿಲಿಗೂ ಒಗ್ಗುವ ಸೇಬಿನ ತಳಿಯೊಂದನ್ನು ಹಿಮಾಚಲದ ಬಿಲಾಸಪುರದ ರೈತ ಹರಿಮನ್ ಶರ್ಮಾ ರೂಪಿಸಿ, 2025ರಲ್ಲಿ ಪದ್ಮಶ್ರೀ ಪಡೆದರು. ಆ ಸಸಿಗಳನ್ನು ತಂದು ಉತ್ತರ ಕರ್ನಾಟಕದ ಎರೆನೆಲದಲ್ಲಿಯೂ ಬೆಳೆದು ನೋಡುವ ಸಾಹಸಿಗಳಿದ್ದಾರೆ. ಆದರೂ ಇಲ್ಲಿಯ ಮನೆಗಳಲ್ಲಿ ಸೇಬೆಂದರೆ ಇಂದಿಗೂ ಕಾಯಿಲೆಯವರನ್ನು ನೋಡಲು ಹೋಗುವವರ ಕೈಚೀಲದ ಹಣ್ಣು.

ಅಂಥ ಊರಿನ ಒಂದು ಅಡಿಗೆಮನೆಯಲ್ಲಿ, ಒಂದು ಜನವರಿ ತಿಂಗಳಿನಲ್ಲಿ, ಮೂರು ಸಲ ಸೇಬಿನ ಕೇಕು ಬೆಂದಿತು. ಎರಡು ಸಲ ಕೆಟ್ಟಿತು.

ಆ ಮನೆಯ ಹಿರಿಯಳನ್ನು ಎಲ್ಲರೂ ಆಯಿ ಎಂದೇ ಕರೆಯುತ್ತಾರೆ. ವಯಸ್ಸು ಎಪ್ಪತ್ತೈದರ ಆಚೆಗಿದೆ. ಆಕೆ ಮದುವೆಯಾಗಿ ಬಂದ ಹಳ್ಳಿ ಈಗ ನೀರಿನಡಿಯಲ್ಲಿದೆ. ಆಲಮಟ್ಟಿಯ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟಾಗ ಆಕೆ ಲಂಗ ತೊಟ್ಟ ಹುಡುಗಿ. ಕಟ್ಟಡ ಮುಗಿದು 2006ರ ಆಗಸ್ಟಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಅರ್ಪಿಸುವ ಹೊತ್ತಿಗೆ ಆಕೆ ಮೊಮ್ಮಕ್ಕಳನ್ನು ಕಂಡಿದ್ದಳು. ನಡುವಿನ ನಾಲ್ಕು ದಶಕಗಳಲ್ಲಿ ನೂರಕ್ಕೂ ಮಿಕ್ಕ ಹಳ್ಳಿಗಳ ನೆಲ, ಹಳೆಯ ಬಾಗಲಕೋಟೆಯ ಓಣಿಗಳು, ಆಕೆಯ ಮನೆಯ ನಾಲ್ಕು ಎಕರೆ ಎರೆಹೊಲ ಎಲ್ಲವೂ ಶಾಸ್ತ್ರಿಯವರ ಹೆಸರಿನ ಸಾಗರದೊಳಗೆ ಸೇರಿದವು. ಈಗ 26 ಬಾಗಿಲುಗಳ ಹಿಂದೆ ನೀರು 519.60 ಮೀಟರಿನವರೆಗೆ ನಿಲ್ಲುತ್ತದೆ. 524.256 ಮೀಟರಿಗೆ ಏರಿಸಲು 2010ರಲ್ಲಿ ನ್ಯಾಯಮಂಡಳಿ ಒಪ್ಪಿತು. ಅಂಕಿಗಳನ್ನು ಆಯಿ ಅರಿಯಳು. "ನಮ್ಮ ಹೊಲದ ಮ್ಯಾಲ ಈಗ ಮೀನ ಮೇಯ್ತಾವ" ಎನ್ನುವುದಷ್ಟೇ ಆಕೆಯ ಲೆಕ್ಕ.

ಹೊಲಕ್ಕೆ ಬಂದ ಪರಿಹಾರದ ಹಣವನ್ನು ಆಕೆ ಬಹುಕಾಲ ಮುಟ್ಟಲಿಲ್ಲ. ಮನೆಯಲ್ಲಿ ಅದಕ್ಕೆ 'ನೀರಿನ ರೊಕ್ಕ' ಎಂದೇ ಹೆಸರು. ಮಗ ಅಂಗಡಿ ಹಾಕುವಾಗಲೂ ಕೊಡಲಿಲ್ಲ, ಮನೆಯ ಮೇಲೆ ಮಾಳಿಗೆ ಏರಿಸುವಾಗಲೂ ಕೊಡಲಿಲ್ಲ. ಆದರೆ ಮೊಮ್ಮಗಳು ವೈದ್ಯಳಾಗಬೇಕೆಂದು ಹಟ ಹಿಡಿದು, ಇಲ್ಲಿಯ ಖಾಸಗಿ ಕಾಲೇಜುಗಳ ಶುಲ್ಕ ಕೈಗೆ ಎಟುಕದೆ, ಕೊನೆಗೆ ಕಜಾಕಸ್ತಾನದ ದಾರಿ ತೋರಿದಾಗ ಆಯಿಯೇ ಪಾಸ್‌ಬುಕ್ಕನ್ನು ಪೆಟ್ಟಿಗೆಯಿಂದ ತೆಗೆದು ಮಗನ ಕೈಗಿತ್ತಳು. "ಹೊಲಾ ಅಂತೂ ಹೋತು. ಬೆಳೀನಾದ್ರೂ ಬರ್ಲಿ" ಎಂದಳು.

ಹೀಗೆ ಆಲಮಟ್ಟಿಯ ಹುಡುಗಿ ಅಲ್ಮಾಟಿಗೆ ಹೋದಳು. ಎರಡು ವರ್ಷ ಹೇಗೋ ಕಳೆದವು. ಸಂಜೆಯ ಹೊತ್ತು ಮೊಬೈಲಿನ ಗಾಜಿನ ಮೇಲೆ ಮೊಮ್ಮಗಳ ಮುಖ ಮೂಡುತ್ತಿತ್ತು. ಎರಡೂ ಊರುಗಳ ಗಡಿಯಾರಗಳ ನಡುವೆ ಅಂತರ ಅರ್ಧ ಗಂಟೆ ಮಾತ್ರ. 2024ರ ಮಾರ್ಚಿನಲ್ಲಿ ಆ ದೇಶ ತನ್ನ ಕಾಲಮಾನವನ್ನು ಬದಲಿಸಿದಂದಿನಿಂದ ಇಲ್ಲಿ ಎಂಟೂವರೆಯಾದರೆ ಅಲ್ಲಿ ಎಂಟು. ಆಯಿಗೆ ಇದೊಂದು ದೊಡ್ಡ ಸಮಾಧಾನ. ಅರ್ಧ ಗಂಟೆಯೆಂದರೆ ಬಾಗಲಕೋಟೆಯೂ ಅಷ್ಟೇ ದೂರವಲ್ಲವೇ?

ಮೂರನೆಯ ವರ್ಷದ ಚಳಿಗಾಲ ಹಾಗಿರಲಿಲ್ಲ. ಹೊಸ ವರ್ಷ ಕಳೆದು ಎರಡು ಮೂರು ದಿನಗಳಾಗಿದ್ದವು. ಹುಡುಗಿಯ ಮುಖ ಬಾಡಿತ್ತು, ಕಣ್ಣು ಒಳಗಿಳಿದಿತ್ತು. ಕಿಟಕಿಯಾಚೆ ಹಿಮ ಬೀಳುತ್ತಿತ್ತು. ಪರೀಕ್ಷೆ ಎದುರಿಗಿದೆ, ಜ್ವರ ಬಂದು ಎದ್ದಿದ್ದಾಳೆ, ಓದಿದ್ದು ತಲೆಗೆ ಹತ್ತುವುದಿಲ್ಲ. "ಅವ್ವಾ, ನನಗ ಸಾಕಾಗೇತಿ. ನಾ ಪರೀಕ್ಷಾ ಬರಿಯೂದಿಲ್ಲ, ವಾಪಸ್ ಬಂದಬಿಡ್ತೀನಿ" ಎಂದಳು. ತಾಯಿ ಏನು ಹೇಳುವುದೆಂದು ತೋಚದೆ ನಿಂತಳು. ಅಷ್ಟರಲ್ಲಿ ಹುಡುಗಿ ಬಿಕ್ಕುತ್ತ ಇನ್ನೊಂದು ಮಾತನ್ನೂ ಆಡಿಬಿಟ್ಟಳು. ಜ್ವರದಲ್ಲಿ ಮಲಗಿದ್ದಾಗ ವಸತಿಗೃಹದ ಬಾಗಿಲು ಕಾಯುವ ಮುದುಕಿ ತಟ್ಟೆಯಲ್ಲಿ ಬಿಸಿ ಕೇಕು ತಂದಿಟ್ಟಳಂತೆ. ಸೇಬಿನ ಕೇಕು, 'ಶಾರ್ಲೊಟ್ಕಾ' ಎಂದು ಅದರ ಹೆಸರು. ಅದರಲ್ಲಿ ನಾಲ್ಕು ತತ್ತಿ ಇರುತ್ತವೆಂದು ಗೊತ್ತಿದ್ದೂ ಎರಡು ತುಂಡು ತಿಂದೆ ಎಂದಳು.

ಆ ಮನೆಯ ಹೊಸ್ತಿಲನ್ನು ತತ್ತಿ ಎಂದೂ ದಾಟಿದುದಿಲ್ಲ. ಬೇಕರಿಯ ಬಿಸ್ಕತ್ತನ್ನು ಸಹ ವಿಚಾರಿಸಿಯೇ ತರುವ ಮನೆ. ತಾಯಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು. ಆಯಿ ಎದ್ದು ಬಂದು ಸೊಸೆಯ ಕೈಯಿಂದ ಮೊಬೈಲನ್ನು ತೆಗೆದುಕೊಂಡಳು.

"ಆಕಿ ಯಾರವ್ವಾ?"

"ಇಲ್ಲೇ ಬಾಗ್ಲಾ ಕಾಯೂ ಮುದುಕಿ, ಆಯೀ."

"ಆಕಿಗೆ ಮೊಮ್ಮಕ್ಕಳು ಅದಾರೇನು?"

"ಅದಾರ. ದೂರದ ಊರಾಗ ಇರ್ತಾರಂತ."

"ಹಂಗಾದ್ರ ಆಕಿ ಕೊಟ್ಟದ್ದು ಆ ಮೊಮ್ಮಕ್ಕಳಿಗೆ. ನೀ ಅವರ ಪಾಲಿಂದು ತಿಂದಿ. ತಿಂದದ್ದು ಚಲೋ ಆತು. ಈಗ ಅಳಬ್ಯಾಡ. ಅದನ್ನ ಹೆಂಗ ಮಾಡ್ತಾಳ, ಅಷ್ಟ ಹೇಳು."

ಅಲ್ಲಿಂದ ಆರಂಭವಾಯಿತು ಕೇಕಿನ ಪ್ರಕರಣ. ರಷ್ಯ ಮತ್ತು ಮಧ್ಯ ಏಷ್ಯದ ಮನೆಮನೆಯಲ್ಲಿ ಮಾಡುವ ಈ ಕೇಕಿನಷ್ಟು ಸರಳವಾದುದು ಇನ್ನೊಂದಿರಲಾರದು. ನಾಲ್ಕು ತತ್ತಿ, ಒಂದು ಲೋಟ ಸಕ್ಕರೆ, ಒಂದು ಲೋಟ ಮೈದಾ, ಮೂರು ನಾಲ್ಕು ಸೇಬು, ಅಷ್ಟೇ. ತತ್ತಿಯನ್ನು ಸಕ್ಕರೆಯೊಡನೆ ಕಡೆದಾಗ ಗಾಳಿ ನೊರೆಯಾಗಿ ಸೇರುತ್ತದೆ, ಬಿಸಿಗೆ ಆ ಗಾಳಿ ಹಿಗ್ಗುತ್ತದೆ, ತತ್ತಿ ಗಟ್ಟಿಯಾಗಿ ಅದನ್ನು ಹಿಡಿದಿಡುತ್ತದೆ. ಕೇಕು ಉಬ್ಬುವುದರ ರಹಸ್ಯವೆಲ್ಲ ಅದರಲ್ಲಿಯೇ ಇದೆ. ತತ್ತಿಯನ್ನು ಬಿಟ್ಟರೆ ಉಳಿಯುವುದೇನು? ಸಿಹಿ ಕಣಕ. ಆಯಿಯ ಮುಂದಿದ್ದ ಸಮಸ್ಯೆ ಇದು.

ಎಂಟನೆಯ ತರಗತಿಯ ಮೊಮ್ಮಗ ಪರಿಹಾರವೊಂದನ್ನು ಸೂಚಿಸಿದ. ಮೊಸರಿನ ಹುಳಿ ಮತ್ತು ಸೋಡಾ ಕೂಡಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆಂದು ಅವನ ಪಾಠದಲ್ಲಿತ್ತು. ಒಲೆಯ ಪೆಟ್ಟಿಗೆಯಿಲ್ಲದ ಮನೆ, ಕುಕ್ಕರೇ ಗತಿ. ಸೀಟಿಯನ್ನೂ ರಬ್ಬರಿನ ಬಳೆಯನ್ನೂ ತೆಗೆದು, ತಳದಲ್ಲಿ ಒಂದು ಅಂಗುಲ ಉಸುಕು ಹರವಿ ಕಾಯಿಸಬೇಕೆಂದು ಆಯಿ ಹೇಳಿದಳು. ಚುರುಮುರಿ ಭಟ್ಟಿಯಲ್ಲಿ ಕಾದ ಉಸುಕಿನ ಗುಣವನ್ನು ಬಲ್ಲವಳು ಆಕೆ. ಹುಡುಗ ಓಡಿಹೋಗಿ ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯ ಮುಂದಿನ ರಾಶಿಯಿಂದ ಒಂದು ಬೋಗುಣಿ ತಂದ. ಆಯಿ ಬೆರಳಿನಲ್ಲಿ ತಿಕ್ಕಿ ನೋಡಿದಳು.

"ಇದು ಉಸುಕಲ್ಲೋ ಯಪ್ಪಾ. ಕಲ್ಲ ಒಡದ ಹುಡಿ. ಉಸುಕಂದ್ರ ಹೊಳೀದು. ನಮ್ಮೂರ ದಂಡಿ ಮ್ಯಾಲ ಕಾಲಿಟ್ರ ಮೊಣಕಾಲ ಮಟ ಹೋಗ್ತಿತ್ತು" ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕಲ್ಲಿನ ಹುಡಿಯನ್ನು ಹಿಂದಕ್ಕೆ ಕಳುಹಿಸಿ, ಹರಳುಪ್ಪನ್ನು ಹರವಿ ಕಾಯಿಸಿದರು. ಉಪ್ಪೂ ಅದೇ ಕೆಲಸವನ್ನು ಮಾಡುತ್ತದೆ.

ಮೊದಲನೆಯ ಕೇಕು ಹಲಗೆಯಂತೆ ಬಂತು. ತಪ್ಪು ಆಯಿಯದೇ. ದ್ವಾಸಿ ಹಿಟ್ಟು ನೆನೆದಷ್ಟೂ ಉಬ್ಬುತ್ತದೆಯೆಂಬ ಅನುಭವದ ಮೇಲೆ, ಕಲಸಿದ ಹಿಟ್ಟನ್ನು ಎರಡು ಗಂಟೆ ಮುಚ್ಚಿಟ್ಟಳು. ದ್ವಾಸಿಯ ಹಿಟ್ಟಿನಲ್ಲಿ ಜೀವಾಣುಗಳು ನಿಧಾನವಾಗಿ ಗಾಳಿಯನ್ನು ಹುಟ್ಟಿಸುತ್ತ ಹೋಗುತ್ತವೆ. ಸೋಡಾ ಹಾಗಲ್ಲ, ಹುಳಿ ತಾಗಿದೊಡನೆ ಒಮ್ಮೆಲೇ ಉಕ್ಕಿ ಬರಿದಾಗುತ್ತದೆ. ಆ ಸಂಜೆ ಮೊಮ್ಮಗಳು ಮೊಬೈಲಿನಲ್ಲಿ ಕೇಕನ್ನು ಕಂಡು, ಎಷ್ಟೋ ದಿನಗಳ ಮೇಲೆ ನಕ್ಕಳು.

"ನಗು, ನಗು. ನಾಳೆ ಆಕಿನ್ನ ಕೇಳು, ಸೇಬ ಹಣ್ಣ ಸಿಪ್ಪಿ ತಗೀತಾಳೋ ಇಲ್ಲೋ ಅಂತ" ಎಂದಳು ಆಯಿ.

ಮರುದಿನ ಉತ್ತರ ಬಂತು: ತೆಗೆಯುವುದಿಲ್ಲವಂತೆ. ಮತ್ತೊಂದು ಪ್ರಶ್ನೆ ಹೋಯಿತು: ಹಣ್ಣು ಹುಳಿಯದೋ, ಸಿಹಿಯದೋ? ಹುಳಿಯದೇ ಲೇಸಂತೆ. ಅಲ್ಲಿ 'ಅಪೋರ್ಟ್' ಎಂಬ ಹೆಸರಾಂತ ಸೇಬಿದೆ, ಒಂದೊಂದು ಅರ್ಧ ಕಿಲೋ ತೂಗುವುದೂ ಉಂಟೆಂದು ಹುಡುಗಿ ಹೇಳಿದಳು. ಹೆಚ್ಚಿದ ಸೇಬು ಇಲ್ಲಿ ಕಪ್ಪಾಗುತ್ತದೆಂದು ಆಯಿ ದೂರಿದಳು. ಕೊಯ್ದ ಭಾಗಕ್ಕೆ ಗಾಳಿ ತಾಗಿದಾಗ ಹಣ್ಣಿನೊಳಗಿನ ಕಿಣ್ವವೊಂದು ಮಾಡುವ ಕೆಲಸವದು, ಹುಳಿ ಸವರಿದರೆ ತಡೆಯುತ್ತದೆಂದು ವೈದ್ಯವಿದ್ಯಾರ್ಥಿನಿ ವಿವರಿಸಿದಳು. ಇಂಡಿಯ ನಿಂಬೆಹಣ್ಣಿಗೆ ಕೆಲಸ ಸಿಕ್ಕಿತು. ದಿನಕ್ಕೊಂದು ಪ್ರಶ್ನೆ, ದಿನಕ್ಕೊಂದು ಉತ್ತರ. ಊರಿಗೆ ಮರಳುವ ಮಾತು ಬಂದಾಗಲೆಲ್ಲ ಆಯಿಯದು ಒಂದೇ ನುಡಿ: "ಬರಾಕಂತ, ತಡಿ. ಇನ್ನಾ ಕೇಕ ಬರವಲ್ದು. ನೀ ಬಂದ್ರ ಆಕಿನ್ನ ಕೇಳಿ ಹೇಳವರು ಯಾರು?"

ಎರಡನೆಯ ಕೇಕು ಸಂಕ್ರಾಂತಿಯ ಮರುದಿನ. ಸಜ್ಜೆ ರೊಟ್ಟಿ, ಎಣ್ಣೆಗಾಯಿಗಳ ಸಡಗರ ಮುಗಿದಿತ್ತು. ಹಿಟ್ಟನ್ನು ಕಲಸಿದ ಕೂಡಲೇ ಕುಕ್ಕರಿಗೆ ಇಳಿಸಿದರು. ಇಪ್ಪತ್ತು ನಿಮಿಷಕ್ಕೆ ಅಡಿಗೆಮನೆಯೆಲ್ಲ ದಾಲ್ಚಿನ್ನಿಯ ಪರಿಮಳ. ಆಗ ಆಯಿ ಎದ್ದು ಹೋಗಿ ಮುಚ್ಚಳವನ್ನು ತೆಗೆದಳು. ಅರ್ಧ ಬೆಂದ ಕೇಕಿಗೆ ತಣ್ಣನೆಯ ಗಾಳಿ ತಾಗಿದರೆ ಅದು ಕುಸಿಯದೆ ಇನ್ನೇನಾದೀತು? ನಡುವೆ ಹೊಂಡ ಬಿತ್ತು, ಸೇಬಿನ ಹೋಳುಗಳು ತಳ ಸೇರಿದವು. "ಕೆಟ್ಟತಲ್ಲ!" ಎಂದು ಆಯಿ ಕೈ ಕೈ ಹೊಸೆದುಕೊಂಡಳು.

ಸೊಸೆ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಇಪ್ಪತ್ತನಾಲ್ಕು ವರ್ಷಗಳಿಂದ ಅತ್ತೆಯ ಅಡಿಗೆಯನ್ನು ಕಂಡವಳು ಆಕೆ. ನೂರು ಜನರ ಊಟಕ್ಕೆ ಒಂದೂ ಹರಿಯದಂತೆ ಹೋಳಿಗೆ ಬೇಯಿಸಿದ ಕೈ ಅದು. ಅನ್ನದ ಗಡಿಗೆಯ ಮುಚ್ಚಳವನ್ನೂ ಹೊತ್ತಲ್ಲದ ಹೊತ್ತಿನಲ್ಲಿ ತೆಗೆಯಗೊಡದ ಹೆಂಗಸು, ಇಂದು ಇಪ್ಪತ್ತನೆಯ ನಿಮಿಷಕ್ಕೆ ಮುಚ್ಚಳವನ್ನೆತ್ತಿದಳು! ಸೊಸೆಯ ಕಣ್ಣು ಗೋಡೆಯ ಕ್ಯಾಲೆಂಡರಿನ ಕಡೆಗೆ ಹೊರಳಿತು. ಪರೀಕ್ಷೆಯ ಕೊನೆಯ ದಿನಕ್ಕೆ ಇನ್ನೂ ಒಂಬತ್ತು ದಿನಗಳಿದ್ದವು. ಆ ದಿನದ ಸುತ್ತ ಕಾಡಿಗೆಯಿಂದ ಯಾರೋ ಒಂದು ಸೊನ್ನೆಯನ್ನು ಬರೆದಿದ್ದರು.

ಆಕೆ ಏನೂ ಕೇಳಲಿಲ್ಲ. "ಹೋಗ್ಲಿ ಬಿಡ್ರಿ ಅತ್ತೀ, ಮುಂದಿನ ವಾರ ಇನ್ನೊಮ್ಮೆ ಮಾಡೂಣು" ಎಂದಷ್ಟೇ ಹೇಳಿ, ಪಾತ್ರೆಯನ್ನು ತೊಳೆಯಲು ಎತ್ತಿಕೊಂಡಳು. ಅಂದು ರಾತ್ರಿ ಮೊಬೈಲಿನಲ್ಲಿ ಮಗಳಿಗೆ, "ಈ ಸಲಾನೂ ಕೆಟ್ಟತವ್ವಾ. ಹೋಳ ತಳಕ್ಕ ಹೋಗದಂಗ ಏನ ಮಾಡ್ತಾಳ ಕೇಳು" ಎಂದು ತಾನೇ ಮುಂದಾಗಿ ಹೇಳಿದಳು. ತತ್ತಿಯ ಸಂಗತಿ ಹೊರಬಿದ್ದ ಮೇಲೆ ತಾಯಿ ಮಗಳೊಡನೆ ನೇರವಾಗಿ ಆಡಿದ ಮೊದಲ ಮಾತು ಅದು. ಹುಡುಗಿ ಒಂದು ಕ್ಷಣ ತಡೆದು, "ಕೇಳ್ತೀನವ್ವಾ" ಎಂದಳು.

ಹುಡುಗಿ ಪರೀಕ್ಷೆಗಳನ್ನು ಒಂದೊಂದಾಗಿ ಬರೆದಳು. ಕೊನೆಯದು ಮುಗಿದ ಸಂಜೆ ಮೂರನೆಯ ಕೇಕು ಒಲೆಗೇರಿತು. ಮಾಡಿ ನೋಡಬಯಸುವ ವಾಚಕಿಯರಿಗಾಗಿ ಅದರ ಅಳತೆ ಹೀಗೆ: ಮೈದಾ 200 ಗ್ರಾಂ, ಸಕ್ಕರೆ 120 ಗ್ರಾಂ, ಮೊಸರು 200 ಗ್ರಾಂ, ಕರಗಿಸಿದ ಬೆಣ್ಣೆ 80 ಗ್ರಾಂ, ಮಧ್ಯಮ ಗಾತ್ರದ ಸೇಬು 2, ಬೇಕಿಂಗ್ ಪೌಡರ್ 1 ಚಮಚ, ಸೋಡಾ ಅರ್ಧ ಚಮಚ, ದಾಲ್ಚಿನ್ನಿಯ ಪುಡಿ ಅರ್ಧ ಚಮಚ, ಚಿಟಿಕೆ ಉಪ್ಪು, ಅರ್ಧ ನಿಂಬೆಹಣ್ಣಿನ ರಸ. ಮೈದಾ, ಪೌಡರ್, ಸೋಡಾ, ಉಪ್ಪುಗಳನ್ನು ಕೂಡಿಸಿ ಎರಡು ಸಲ ಜರಡಿ ಹಿಡಿಯಬೇಕು. ಮೊಸರು, ಸಕ್ಕರೆ, ಬೆಣ್ಣೆಗಳನ್ನು ಬೇರೆ ಪಾತ್ರೆಯಲ್ಲಿ ಸಕ್ಕರೆ ಕರಗುವಂತೆ ಕಡೆಯಬೇಕು. ಸೇಬನ್ನು ಸಣ್ಣ ಹೋಳುಗಳಾಗಿ ಹೆಚ್ಚಿ, ನಿಂಬೆಯ ರಸ ಸವರಿ, ದಾಲ್ಚಿನ್ನಿ ಮತ್ತು ಒಂದು ಚಮಚ ಮೈದಾದಲ್ಲಿ ಹೊರಳಿಸಬೇಕು; ಹೋಳು ತಳ ಹಿಡಿಯದಿರಲು ಮುದುಕಿ ಹೇಳಿಕೊಟ್ಟ ಉಪಾಯವದು. ಕುಕ್ಕರನ್ನು ಹತ್ತು ನಿಮಿಷ ಕಾಯಿಸಿಟ್ಟುಕೊಂಡ ಮೇಲೆಯೇ ಎಲ್ಲವನ್ನೂ ಹಗುರವಾಗಿ ಬೆರೆಸಿ, ಬೆಣ್ಣೆ ಸವರಿದ ಪಾತ್ರೆಗೆ ಸುರಿದು, ತಡಮಾಡದೆ ಒಳಗಿಡಬೇಕು. ಸಣ್ಣ ಉರಿಯಲ್ಲಿ 45ರಿಂದ 50 ನಿಮಿಷ. ಮೊದಲ ಅರ್ಧ ಗಂಟೆ ಮುಚ್ಚಳವನ್ನು ಮುಟ್ಟಲಾಗದು.

ಅಂದು ಆಯಿ ಕುಕ್ಕರಿನ ಮುಂದೆ ಮಣೆ ಹಾಕಿಕೊಂಡು ಕುಳಿತಳು. ಮೊಮ್ಮಗ ಎರಡು ಸಲ ಮುಚ್ಚಳದ ಹತ್ತಿರ ಕೈ ಚಾಚಿ, ಎರಡು ಸಲವೂ ಏಟು ತಿಂದ. ಐವತ್ತು ನಿಮಿಷಕ್ಕೆ ಚುಚ್ಚಿದ ಕಡ್ಡಿ ಒಣಗಿ ಹೊರಬಂತು. ಕೇಕು ತಟ್ಟೆಯ ಮೇಲೆ ಮಗುಚಿ ಬಿದ್ದಾಗ ಹೊನ್ನಿನ ಬಣ್ಣಕ್ಕಿತ್ತು. ಕೊಯ್ದರೆ ಹೋಳುಗಳು ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದವು.

"ಈಗ ಬಂತು" ಎಂದಳು ಸೊಸೆ, ಅತ್ತೆಯ ಮುಖವನ್ನೇ ನೋಡುತ್ತ.

"ಹೊತ್ತ ಬರಬೇಕವ್ವಾ, ಎಲ್ಲಾದಕ್ಕೂ" ಎಂದು ಆಯಿ ಬೇರೆಡೆ ನೋಡಿದಳು.

ಎಂಟೂವರೆಗೆ ಮೊಬೈಲು ಗುಣುಗುಣಿಸಿತು. ಅಲ್ಲಿ ಎಂಟು. ಹುಡುಗಿಯ ಮುಖದಲ್ಲಿ ದಣಿವಿತ್ತು. ಆದರೆ ಅದು ಕೆಲಸ ಮುಗಿಸಿದವರ ದಣಿವು. ಮರಳಿ ಬರುವ ಮಾತೆತ್ತಲಿಲ್ಲ. ಆಯಿ ಕೇಕಿನ ತಟ್ಟೆಯನ್ನು ಗಾಜಿನ ಮುಂದೆ ಹಿಡಿದು, "ಬರಕೋ. ತತ್ತಿ ಇಲ್ಲದ್ದು. ಮಾಡಿ, ಮೊದಲ ಆಕಿಗೆ ಕೊಡು" ಎಂದಳು. ಅಲ್ಲಿ ಮೊಸರಿನ ಬದಲು 'ಕೆಫೀರ್' ಎಂಬ ಹುಳಿ ಹಾಲು ಧಾರಾಳವಾಗಿ ಸಿಗುತ್ತದೆ. ಅದೂ ಸೋಡಾದೊಡನೆ ಅದೇ ರೀತಿ ಉಕ್ಕುತ್ತದೆ.

ನಾಲ್ಕು ದಿನಗಳ ಮೇಲೆ ವರದಿ ಬಂತು. ತತ್ತಿಯಿಲ್ಲದೆ ಕೇಕು ಎಂಬುದನ್ನು ಆ ಮುದುಕಿ ಮೊದಲು ನಂಬಲಿಲ್ಲವಂತೆ. ಮೂಸಿದಳಂತೆ, ಒತ್ತಿ ನೋಡಿದಳಂತೆ. ಕೊನೆಗೆ ಚಹದೊಡನೆ ಮೂರು ತುಂಡು ತಿಂದು, ಇದನ್ನು ಹೇಳಿಕೊಟ್ಟವರು ಯಾರೆಂದು ಕೇಳಿದಳಂತೆ. ಹುಡುಗಿ ಮೊಬೈಲಿನಲ್ಲಿ ಆಯಿಯ ಚಿತ್ರವನ್ನು ತೋರಿಸಿದಳು. ಊರ ಹೆಸರನ್ನು ಕೇಳಿ ಮುದುಕಿಗೆ ನಗುವೋ ನಗು. ಅಲ್ಮಾಟಿಯಲ್ಲಿದ್ದವಳಿಗೆ ಅಲ್ಮಾಟಿಯಿಂದಲೇ ಕೇಕು ಬಂತೇ ಎಂದಳಂತೆ!

ಅಂದಿನಿಂದ ಆ ಮುದುಕಿ ಈ ಮನೆಯಲ್ಲಿ 'ನಮ್ಮ ಬೀಗತಿ'ಯಾಗಿದ್ದಾಳೆ. ಮೊಮ್ಮಗಳಿಗೆ ಹೋಗುವ ಗಂಟಿನಲ್ಲಿ ಶೇಂಗಾ ಹೋಳಿಗೆಯ ಪೊಟ್ಟಣ ಈಗ ಎರಡು. ಬೇಸಿಗೆಯ ರಜೆಗೆ ಬರುವಾಗ ಅಲ್ಲಿಯ ದೊಡ್ಡ ಸೇಬಿನ ಬೀಜ ತರಲೇ ಎಂದು ಹುಡುಗಿ ಒಮ್ಮೆ ಕೇಳಿದಳು. ಆಯಿ ಕೊಂಚ ಯೋಚಿಸಿದಳು. ಹಿತ್ತಿಲಲ್ಲಿ ಇರುವುದೇ ಒಂದು ಕರಿಬೇವು, ಒಂದು ನುಗ್ಗೆ, ಎರಡು ಮಾರು ನೆಲ.

"ಬೀಜ ಯಾಕ ಹೊತಗೊಂಡ ಬರ್ತಿ? ನೀ ಬಾ. ಬಂದ ಮ್ಯಾಲ ತಿರುಗಿ ಹೋಗು. ಇನ್ನ ಮೂರ ವರ್ಷ ಐತಿ" ಎಂದಳು. ಆಮೇಲೆ ಮೊಬೈಲನ್ನು ಸೊಸೆಯ ಕೈಗಿತ್ತು, ಒಳಗೆ ಹೋಗಿ ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಜುಲೈವರೆಗೆ ಎತ್ತಿ, ಕಾಡಿಗೆಯ ಡಬ್ಬಿಗಾಗಿ ಗೂಡಿನಲ್ಲಿ ತಡಕಾಡಿದಳು.